ರೈಲಿನಲ್ಲಿ ಚೀಲವನ್ನು ಮರೆತೆ: ಪ್ರವಾಸಕ್ಕಾಗಿ ಜಪಾನಿ ಮಾತು ಕಲಿತ ಅನುಭವ

ಹನ್ನೊಂದು ದಿನಗಳ ಜಪಾನ್ ಪ್ರವಾಸ ಮುಗಿಸಿ ನಾನೂ ಅಮ್ಮನೂ ಕಳೆದ ವಾರವಷ್ಟೇ ಮೈಸೂರಿಗೆ ಮರಳಿದೆವು. ನನಗೆ ನಲವತ್ತೆಂಟು ವರ್ಷ. ಅಮ್ಮನಿಗೆ ಎಪ್ಪತ್ತೊಂದು, ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿ ನಿವೃತ್ತರಾದವರು, ಮೊಟ್ಟೆಯನ್ನೂ ಮುಟ್ಟದ ಶುದ್ಧ ಸಸ್ಯಾಹಾರಿ. ಹೊರಡುವ ಮೊದಲು ಹದಿನಾಲ್ಕು ವಾರ ಜಪಾನಿ ಭಾಷೆಯ ಪ್ರವಾಸಿ ಮಾತುಗಳನ್ನು ಕಲಿತೆ. ಅದರಲ್ಲಿ ಮೊದಲ ಏಳು ವಾರಗಳು ಬಹುತೇಕ ವ್ಯರ್ಥವಾದವು. ಭಾಷೆ ಕಷ್ಟವೆಂದಲ್ಲ, ನಾನು ಅದನ್ನು ಇಂಗ್ಲಿಷಿನ ಮೂಲಕ ಕಲಿಯಲು ಹೊರಟಿದ್ದೇ ಕಾರಣ. ನನ್ನಂತೆ ಕನ್ನಡ ಮನೆಮಾತಾಗಿದ್ದು, ಬರುವ ದಿನಗಳಲ್ಲಿ ಜಪಾನಿಗೆ ಹೋಗಲಿರುವವರಿಗೆ ಆ ಏಳು ವಾರ ಉಳಿಯಲಿ ಎಂಬ ಆಸೆಯಿಂದ ನಡೆದದ್ದನ್ನು ಕ್ರಮವಾಗಿ ಬರೆಯುತ್ತಿದ್ದೇನೆ.

ಆನ್‌ಲೈನ್ ತರಗತಿಯೊಂದಕ್ಕೆ 7,500 ರೂಪಾಯಿ ಕಟ್ಟಿ ಹೆಸರು ನೋಂದಾಯಿಸಿದೆ. ವಿದ್ಯಾರ್ಥಿಗಳ ಸಂಖ್ಯೆ ಸಾಲದೆಂದು ಮೂರು ವಾರ ತರಗತಿಯೇ ಆರಂಭವಾಗಲಿಲ್ಲ. ಆರಂಭವಾದ ಮೇಲೆ ಸಿಕ್ಕಿದ್ದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ವಾಕ್ಯಗಳ ಪಟ್ಟಿ. ಎದುರಿಗೆ ಇಂಗ್ಲಿಷ್ ಅರ್ಥ. ಪ್ರತಿ ವಾಕ್ಯವನ್ನೂ ಮಂತ್ರದಂತೆ ಉರು ಹೊಡೆಯಬೇಕಿತ್ತು. ನಾಲ್ಕು ವಾರಗಳಲ್ಲಿ ಅರವತ್ತು ವಾಕ್ಯ ಬಾಯಿಪಾಠವಾದವು, ಆದರೆ ಒಂದು ಪದ ಬದಲಾದರೂ ವಾಕ್ಯವೇ ಕುಸಿದುಬೀಳುತ್ತಿತ್ತು. ‘ಶೌಚಾಲಯ ಎಲ್ಲಿದೆ’ ಎಂದು ಕೇಳಬಲ್ಲವಳಿಗೆ ‘ಲಿಫ್ಟ್ ಎಲ್ಲಿದೆ’ ಎಂದು ಕೇಳಲು ಬರುತ್ತಿರಲಿಲ್ಲ. ರಾತ್ರಿ ಪಾತ್ರೆ ತೊಳೆಯುವಾಗ ವಾಕ್ಯಗಳನ್ನು ಹೇಳಿಕೊಳ್ಳುತ್ತಾ, ನಡುವೆ ತಪ್ಪಿ, ಮತ್ತೆ ಮೊದಲಿನಿಂದ ಹೇಳುವಾಗ ಈ ವಯಸ್ಸಿನಲ್ಲಿ ಇದು ನನ್ನಿಂದಾಗದು ಎಂದು ಕಣ್ಣು ತುಂಬಿಕೊಂಡದ್ದೂ ಉಂಟು.

ಏಳನೆಯ ವಾರದ ಕೊನೆಗೆ ತಂಗಿಯ ಮಗಳು ಮನೆಗೆ ಬಂದಳು. ಅವಳು ಬಿಡದಿಯ ಕಡೆ ಕಾರ್ಖಾನೆಯೊಂದರಲ್ಲಿ ಜಪಾನಿ ದುಭಾಷಿ. ನನ್ನ ಪಟ್ಟಿಯನ್ನು ನೋಡಿದವಳೇ, “ದೊಡ್ಡಮ್ಮ, ಇದನ್ನೆಲ್ಲ ಇಂಗ್ಲಿಷ್‌ನಲ್ಲಿ ಯಾಕೆ ಕಲೀತಿದ್ದೀರಾ? ಕನ್ನಡದಲ್ಲಿ ಬರ್ಕೊಳ್ಳಿ, ಅರ್ಧ ಕೆಲಸ ಮುಗೀತದೆ” ಎಂದಳು. ಒಂದು ಹಾಳೆ ತೆಗೆದುಕೊಂಡು ‘ಮಿಝು ಒ ಕುದಸಯ್’ ಎಂದು ಕನ್ನಡ ಲಿಪಿಯಲ್ಲಿ ಬರೆದಳು. ‘ಮಿಝು’ ಎಂದರೆ ನೀರು, ‘ಒ’ ಎಂದರೆ ನಮ್ಮ ‘ಅನ್ನು’, ‘ಕುದಸಯ್’ ಎಂದರೆ ಕೊಡಿ. ನೀರನ್ನು ಕೊಡಿ! ಪದಗಳ ಕ್ರಮ ಅದೇ, ಪ್ರತ್ಯಯದ ಜಾಗವೂ ಅದೇ. ಹಿಂದುಮುಂದು ಮಾಡಬೇಕಾದದ್ದು ಏನೂ ಇರಲಿಲ್ಲ.

ಅಂದು ಸಂಜೆ ಅಡುಗೆಮನೆಯ ಮೇಜಿನ ಮೇಲೆ ಅವಳು ತೋರಿಸಿಕೊಟ್ಟದ್ದು ಇದು. ಜಪಾನಿಯಲ್ಲೂ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಕಾರಕವನ್ನು ಹೇಳುವ ಚಿಕ್ಕ ಪದಗಳು ನಾಮಪದದ ಕೊನೆಗೆ ಅಂಟುತ್ತವೆ. ‘ನಿ’ ಎಂದರೆ ‘ಗೆ’, ಕೆಲವೆಡೆ ‘ಅಲ್ಲಿ’. ‘ಕರ’ ಎಂದರೆ ‘ಇಂದ’, ‘ಮದೆ’ ಎಂದರೆ ‘ವರೆಗೆ’. ‘ನಾರಾ ಕರ ಕ್ಯೋಟೋ ಮದೆ’ ಎಂದರೆ ನಾರಾದಿಂದ ಕ್ಯೋಟೋವರೆಗೆ. ‘ಮೊ’ ಎಂಬುದು ನಾವು ‘ನಾನೂ’ ಎನ್ನುವಾಗ ಕೊನೆಯಲ್ಲಿ ಎಳೆಯುವ ಊಕಾರ. ಪ್ರಶ್ನೆ ಕೇಳಲು ನಾವು ‘ಇದೆಯಾ’ ಎಂದು ಕೊನೆಗೆ ಆಕಾರ ಸೇರಿಸಿದಂತೆ ಅವರು ‘ಕ’ ಸೇರಿಸುತ್ತಾರೆ. ‘ಕೈತೆ ಕುದಸಯ್’ ಎಂದರೆ ಬರೆದು ಕೊಡಿ, ‘ತಬೆತೆ ಮಿರು’ ಎಂದರೆ ತಿಂದು ನೋಡು. ಈ ‘ತಿಂದು ನೋಡು’ ಎಂಬಲ್ಲಿನ ‘ನೋಡು’ವಿಗೆ ಕಣ್ಣಿನ ಕೆಲಸವಿಲ್ಲ ಎಂಬುದನ್ನು ನಮಗೆ ಯಾರೂ ವಿವರಿಸಬೇಕಾಗಿಲ್ಲ. ಎರಡು ಭಾಷೆಗಳಿಗೆ ರಕ್ತಸಂಬಂಧವಿದೆಯೆಂದು ಇದರ ಅರ್ಥವಲ್ಲ. ಸುಸುಮು ಓನೊ ಎಂಬ ಜಪಾನಿ ವಿದ್ವಾಂಸರು ತಮ್ಮ ಭಾಷೆಗೂ ತಮಿಳಿಗೂ ನಂಟಿದೆಯೆಂದು ವಾದಿಸಿದ್ದರು, ಹೆಚ್ಚಿನ ಭಾಷಾವಿಜ್ಞಾನಿಗಳು ಅದನ್ನು ಒಪ್ಪಿಲ್ಲ. ಆದರೆ ಕಲಿಯುವವರಿಗೆ ವಾಕ್ಯದ ಅಚ್ಚು ಒಂದೇ ಆಗಿರುವುದೇ ದೊಡ್ಡ ಉಪಕಾರ.

ಲಿಪಿಯ ಉಪಕಾರವೂ ಕಡಿಮೆಯಲ್ಲ. ಜಪಾನಿಯಲ್ಲಿ ಹ್ರಸ್ವ ದೀರ್ಘ ತಪ್ಪಿದರೆ ಅರ್ಥ ತಪ್ಪುತ್ತದೆ: ‘ಒಬಸನ್’ ಎಂದರೆ ಅತ್ತೆ ಅಥವಾ ಚಿಕ್ಕಮ್ಮ, ‘ಒಬಾಸನ್’ ಎಂದರೆ ಅಜ್ಜಿ, ‘ಬಿರು’ ಎಂದರೆ ಕಟ್ಟಡ, ‘ಬೀರು’ ಎಂದರೆ ಬಿಯರ್. ಒತ್ತು ತಪ್ಪಿದರೂ ಹಾಗೆಯೇ: ‘ಕಿತೆ’ ಎಂದರೆ ಬಂದು, ‘ಕಿತ್ತೆ’ ಎಂದರೆ ಅಂಚೆಚೀಟಿ. ಕತೆಯನ್ನೂ ಕತ್ತೆಯನ್ನೂ ಬೇರೆಬೇರೆಯಾಗಿ ಉಚ್ಚರಿಸುವ ನಮಗೆ ಇದು ಹೊಸದಲ್ಲ. ಇಂಗ್ಲಿಷ್ ಅಕ್ಷರಗಳಲ್ಲಿ ಓದುವಾಗ ಮಾತ್ರ ಈ ವ್ಯತ್ಯಾಸ ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಎ–ಏ, ಒ–ಓ ಎರಡನ್ನೂ ಬರೆಯಬಲ್ಲ ಲಿಪಿ ನಮ್ಮದು, ಅದನ್ನು ಬಿಟ್ಟು ಬೇರೆಯದನ್ನು ಏಕೆ ಹಿಡಿಯಬೇಕು? ಅವರ ಒಂದು ಅನುನಾಸಿಕ ಅಕ್ಷರವಂತೂ ನಮ್ಮ ಸೊನ್ನೆಯ ಹಾಗೆಯೇ ಮುಂದಿನ ಅಕ್ಷರವನ್ನು ನೋಡಿ ಬಣ್ಣ ಬದಲಿಸುತ್ತದೆ. ಎಚ್ಚರ ವಹಿಸಬೇಕಾದದ್ದು ಎರಡು ಕಡೆ: ‘ದೆಸು’, ‘ಮಸು’ ಎಂದು ಬರೆದದ್ದನ್ನು ಮಾತಿನಲ್ಲಿ ‘ದೆಸ್’, ‘ಮಸ್’ ಎಂದು ನುಂಗಬೇಕು, ‘ತ್ಸು’ವನ್ನು ಉತ್ಸವದ ‘ತ್ಸ’ದಂತೆ ಹೇಳಬೇಕು, ‘ಸು’ ಎಂದಲ್ಲ.

ಉಳಿದ ಏಳು ವಾರ ದಿನಕ್ಕೆ ಮುಕ್ಕಾಲು ಗಂಟೆಯಂತೆ ಕನ್ನಡದಲ್ಲೇ ಬರೆದು ಕಲಿತೆ. ಧ್ವನಿಗಾಗಿ ಜಪಾನ್ ಫೌಂಡೇಶನ್ನಿನ ‘ಇರೊದೊರಿ’ ಪಾಠಗಳನ್ನು ಕೇಳುತ್ತಿದ್ದೆ. ಪುಸ್ತಕವೂ ಧ್ವನಿಮುದ್ರಣವೂ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಏನನ್ನು ಕಲಿಯಬೇಕು ಎಂಬ ಪ್ರಶ್ನೆಗೆ ಉತ್ತರ ನನ್ನ ವೀಸಾ ಕಡತದಲ್ಲೇ ಇತ್ತು. ಪ್ರವಾಸಿ ವೀಸಾಕ್ಕೆ ಯಾವ ದಿನ ಎಲ್ಲಿರುತ್ತೇವೆ, ಎಲ್ಲಿ ತಂಗುತ್ತೇವೆ ಎಂಬ ದಿನವಹಿ ಪಟ್ಟಿಯನ್ನು ಕೊಡಬೇಕು. ಅದರ ಇನ್ನೊಂದು ಪ್ರತಿ ತೆಗೆದು, ಪ್ರತಿದಿನದ ಎದುರಿಗೂ ಅಂದು ಬಾಯಿ ತೆರೆಯಬೇಕಾದ ಸಂದರ್ಭಗಳನ್ನು ಬರೆದೆ: ಟಿಕೆಟ್ ಕೊಳ್ಳುವುದು, ಹೋಟೆಲಿನಲ್ಲಿ ಪಾಸ್‌ಪೋರ್ಟ್ ಕೊಡುವುದು, ಊಟದಲ್ಲಿ ಮೀನಿದೆಯೇ ಎಂದು ವಿಚಾರಿಸುವುದು. ನೀವೂ ಹೀಗೆ ಮಾಡಿದರೆ ನೂರಾರು ವಾಕ್ಯಗಳ ಪಟ್ಟಿ ನಲವತ್ತಕ್ಕೆ ಇಳಿಯುತ್ತದೆ.

ಸಂಖ್ಯೆಗಳಿಗೆ ಮಾತ್ರ ಬೇರೆಯೇ ಸಮಯ ಕೊಡಬೇಕು. ಒಂದರಿಂದ ಹತ್ತು ಸುಲಭ. ನೂರಕ್ಕೆ ‘ಹ್ಯಕು’, ಮುನ್ನೂರಕ್ಕೆ ‘ಸಂಬ್ಯಕು’, ಆರುನೂರಕ್ಕೆ ‘ರೊಪ್ಪ್ಯಕು’ ಎಂದು ರೂಪ ಬದಲಾಗುವುದನ್ನು ಕಂಡು ತರಗತಿಯಲ್ಲಿ ಕಂಗಾಲಾಗಿದ್ದೆ. ಇನ್ನೂರು, ಮುನ್ನೂರು, ಐನೂರು ಎನ್ನುವ ನಾವು ಅಂಜಬೇಕಾಗಿಲ್ಲ ಎಂದು ಅಮ್ಮನೇ ಧೈರ್ಯ ಹೇಳಿದರು. ವಸ್ತುಗಳಾದರೆ ‘ಹಿತೊತ್ಸು, ಫುತತ್ಸು’, ಮನುಷ್ಯರಾದರೆ ‘ಹಿತೊರಿ, ಫುತರಿ’ ಎಂಬುದೂ ನಮ್ಮ ಒಂದು–ಎರಡು, ಒಬ್ಬರು–ಇಬ್ಬರು ಇದ್ದಂತೆ. ನಿಜವಾದ ತೊಡಕು ಹತ್ತು ಸಾವಿರದಲ್ಲಿದೆ. ಅವರು ‘ಮನ್’ ಎಂಬ ಹತ್ತು ಸಾವಿರದ ಗುಂಪಿನಲ್ಲಿ ಎಣಿಸುತ್ತಾರೆ. ನಮ್ಮ ಒಂದು ಲಕ್ಷ ಅವರಿಗೆ ಹತ್ತು ‘ಮನ್’. ಹೋಟೆಲಿನವರು ‘ಇಚಿಮನ್ ಗೊಸೆನ್’ ಎಂದರೆ ಹದಿನೈದು ಸಾವಿರ ಯೆನ್. ಇದನ್ನು ಕಿವಿಯಿಂದ ಹಿಡಿಯಲು ನನಗೆ ಎರಡು ವಾರ ಬೇಕಾದವು, ಬೆಲೆಪಟ್ಟಿಗಳನ್ನು ಗಟ್ಟಿಯಾಗಿ ಓದಿದ ಮೇಲೆಯೇ ಅದು ಬಂದದ್ದು.

ಬೆಂಗಳೂರಿನಿಂದ ಹೊರಟು ನರಿತಾ ವಿಮಾನ ನಿಲ್ದಾಣದಲ್ಲಿ ಇಳಿದ ಮರುದಿನ ಬೆಳಿಗ್ಗೆ ಟೋಕಿಯೋದ ಒಂದು ‘ಕೊನ್ಬಿನಿ’ಗೆ, ಎಂದರೆ ಇಪ್ಪತ್ನಾಲ್ಕು ಗಂಟೆಯೂ ತೆರೆದಿರುವ ಸಣ್ಣ ಅಂಗಡಿಗೆ, ಅನ್ನದ ಉಂಡೆ ಕೊಳ್ಳಲು ಹೋದೆ. ‘ಇಕುರ ದೆಸ್ ಕ’, ಬೆಲೆ ಎಷ್ಟು, ಎಂದು ಕೇಳಲು ಸಿದ್ಧಳಾಗಿದ್ದೆ. ಎಲ್ಲ ಪುಸ್ತಕಗಳೂ ಮೊದಲ ಪುಟದಲ್ಲಿ ಕಲಿಸುವ ಈ ವಾಕ್ಯ ಹನ್ನೊಂದು ದಿನಗಳಲ್ಲಿ ನನಗೆ ಬೇಕಾದದ್ದು ಒಂದೇ ಬಾರಿ, ಏಕೆಂದರೆ ಬೆಲೆ ಎಲ್ಲೆಡೆ ಬರೆದೇ ಇರುತ್ತದೆ ಅಥವಾ ಪರದೆಯ ಮೇಲೆ ಕಾಣುತ್ತದೆ. ಬದಲಿಗೆ ಗಲ್ಲೆಯಲ್ಲಿದ್ದ ಹುಡುಗನೇ ಪ್ರಶ್ನೆಗಳನ್ನು ಕೇಳತೊಡಗಿದ. ಒಂದೂ ಅರ್ಥವಾಗಲಿಲ್ಲ. ಹಿಂದೆ ಐದು ಜನ ನಿಂತಿದ್ದರು. ಎಲ್ಲದಕ್ಕೂ ‘ಹಯ್’, ಹೌದು, ಎಂದೆ. ಬೇಡದ ಚೀಲವೊಂದಕ್ಕೆ ಹಣ ಕೊಟ್ಟು, ತಣ್ಣಗಿರಬೇಕಾದ ಉಂಡೆಯನ್ನು ಬಿಸಿ ಮಾಡಿಸಿಕೊಂಡು ಹೊರಬಂದೆ. ಎದೆ ಡವಗುಟ್ಟುತ್ತಿತ್ತು.

ಆ ರಾತ್ರಿ ತಂಗಿಯ ಮಗಳಿಗೆ ಸಂದೇಶ ಕಳುಹಿಸಿ ಕೇಳಿದಾಗ ತಿಳಿಯಿತು: ನಾವು ಕಲಿಯುವುದು ಸಾಮಾನ್ಯ ಮರ್ಯಾದೆಯ ಮಾತು, ಅಂಗಡಿಯವರು ಗ್ರಾಹಕರೊಡನೆ ಆಡುವುದು ಅದಕ್ಕಿಂತ ಮೇಲಿನ ಗೌರವದ ಮಾತು. ಅದರಲ್ಲಿ ಕ್ರಿಯಾಪದಗಳೇ ಬೇರೆಯಾಗುತ್ತವೆ. ಆದ್ದರಿಂದ ಆಡುವ ವಾಕ್ಯಗಳಿಗಿಂತ ಮೊದಲು ಕೇಳಿಸಿಕೊಳ್ಳುವ ವಾಕ್ಯಗಳನ್ನು ಕಲಿಯಿರಿ. ಪೂರ್ತಿ ವಾಕ್ಯ ತಿಳಿಯಬೇಕಾಗಿಲ್ಲ, ಒಂದು ಪದ ಸಾಕು. ‘ಫುಕುರೊ’ ಕೇಳಿಸಿದರೆ ಚೀಲ ಬೇಕೇ ಎಂಬ ಪ್ರಶ್ನೆ; 2020ರ ಜುಲೈನಿಂದ ಪ್ಲಾಸ್ಟಿಕ್ ಚೀಲಕ್ಕೆ ಅಲ್ಲಿ ಹಣ ಕೊಡಬೇಕು. ‘ಅತತಮೆ’ ಎಂದರೆ ಬಿಸಿ ಮಾಡುವುದು. ‘ಪೊಯಿಂತೊ ಕಾದೊ’ ಎಂದರೆ ಅಂಗಡಿಯ ಪಾಯಿಂಟ್ ಕಾರ್ಡ್. ‘ನನ್ಮೆಯ್ ಸಮ’ ಎಂದರೆ ಎಷ್ಟು ಜನ ಬಂದಿದ್ದೀರಿ ಎಂದು. ‘ಫುತರಿ ದೆಸ್’ ಎಂದು ಉತ್ತರಿಸಿದರಾಯಿತು. ಬೇಡವೆನ್ನಲು ‘ದಾಯ್ಜೋಬು ದೆಸ್’ ಎಂದರೆ ಸಾಕು, ನಾವು ‘ಪರವಾಗಿಲ್ಲ, ಇರಲಿ’ ಎಂದು ನಿರಾಕರಿಸುವಂತೆಯೇ ಅದು. ಒಳಗೆ ಕಾಲಿಡುತ್ತಲೇ ಕೂಗುವ ‘ಇರಶ್ಶಯ್ಮಸೆ’ ಎಂಬ ಸ್ವಾಗತಕ್ಕೆ ಉತ್ತರ ಕೊಡಬೇಕಾಗಿಲ್ಲ. ಮೂರನೆಯ ದಿನ ಅದೇ ಅಂಗಡಿಯಲ್ಲಿ ‘ಫುಕುರೊ’ ಎಂಬ ಪದ ಕಿವಿಗೆ ಬಿದ್ದೊಡನೆ ‘ದಾಯ್ಜೋಬು ದೆಸ್’ ಎಂದು ಹೇಳಿ, ಅದು ನಾಟಿದ್ದನ್ನು ಕಂಡಾಗ ಆದ ಸಂತೋಷ ಸಣ್ಣದಲ್ಲ.

ಊಟದ ಕಷ್ಟವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಸಸ್ಯಾಹಾರಿಗಳಿಗೆ ಇದರಷ್ಟು ಮುಖ್ಯವಾದ ಮಾತು ಬೇರೊಂದಿಲ್ಲ. ಒಸಾಕಾದ ಒಂದು ಚಿಕ್ಕ ಖಾನಾವಳಿಯಲ್ಲಿ ‘ಕಿತ್ಸುನೆ ಉದೊನ್’ ಕೇಳಿದೆವು. ಗೋಧಿಹಿಟ್ಟಿನ ದಪ್ಪ ಶಾವಿಗೆ, ಮೇಲೆ ಸಿಹಿಯಾದ ಕರಿದ ತೋಫು. ‘ನಿಕು ತೊ ಸಕನ ವ ಹೈತ್ತೆ ಇಮಸ್ ಕ’, ಮಾಂಸ ಮತ್ತು ಮೀನು ಸೇರಿದೆಯೇ, ಎಂದು ಸರಿಯಾಗಿಯೇ ಕೇಳಿದೆ. ಇಲ್ಲವೆಂದರು. ಬಟ್ಟಲು ಬಂದಾಗ ಅಮ್ಮ ಮುಖದ ಬಳಿ ಹಿಡಿದು, ಮಾತಾಡದೆ ಕೆಳಗಿಟ್ಟರು. ಸಾರಿನಲ್ಲಿ ಮೀನಿನ ವಾಸನೆ ಇತ್ತು. ಅವರು ಸುಳ್ಳು ಹೇಳಿರಲಿಲ್ಲ. ಅಲ್ಲಿನ ಅಡುಗೆಯ ತಳಹದಿ ‘ದಶಿ’ ಎಂಬ ಕಟ್ಟು. ಅದನ್ನು ಹೆಚ್ಚಾಗಿ ‘ಕತ್ಸುವೊ’ ಎಂಬ ಮೀನನ್ನು ಒಣಗಿಸಿ ಹೆರೆದ ಚೂರುಗಳಿಂದ ಮತ್ತು ‘ಕೊಂಬು’ ಎಂಬ ಕಡಲಪಾಚಿಯಿಂದ ತೆಗೆಯುತ್ತಾರೆ. ಬಟ್ಟಲಿನಲ್ಲಿ ಮೀನಿನ ತುಂಡು ಇಲ್ಲವೆಂದ ಮೇಲೆ ಅವರ ಲೆಕ್ಕದಲ್ಲಿ ಮೀನಿಲ್ಲ. ತಪ್ಪು ನನ್ನ ಪ್ರಶ್ನೆಯಲ್ಲಿತ್ತು. ‘ಕತ್ಸುವೊ ನೊ ದಶಿ ವ ಹೈತ್ತೆ ಇಮಸ್ ಕ’ ಎಂದು ಕೇಳಬೇಕಿತ್ತು. ಆ ಹೊತ್ತು ಅಮ್ಮ ಉಪವಾಸವಿದ್ದರು. ನನ್ನ ಕಲಿಕೆಯ ಕೊರತೆಯಿಂದ ಅವರು ಹಸಿದುಕೊಂಡರಲ್ಲ ಎಂಬ ನೋವು ಇನ್ನೂ ಹೋಗಿಲ್ಲ.

ತಂಗಿಯ ಮಗಳು ಹೊರಡುವ ಮುಂಚೆಯೇ ಜಪಾನಿ ಲಿಪಿಯಲ್ಲಿ ಒಂದು ಚೀಟಿ ಬರೆದುಕೊಟ್ಟಿದ್ದಳು: ಮಾಂಸ, ಮೀನು, ಮೊಟ್ಟೆ, ಮೀನಿನ ದಶಿ ಯಾವುದನ್ನೂ ತಿನ್ನುವುದಿಲ್ಲ ಎಂದು. ಮಾತಾಡಿ ನಿಭಾಯಿಸುತ್ತೇನೆಂಬ ಹುರುಪಿನಲ್ಲಿ ಅದನ್ನು ಪೆಟ್ಟಿಗೆಯಲ್ಲೇ ಬಿಟ್ಟಿದ್ದೆ. ಅಂದಿನಿಂದ ಮೊದಲು ಚೀಟಿ, ಆಮೇಲೆ ಮಾತು. ಇನ್ನೊಂದು ಅಂಗಡಿಯಲ್ಲಿ ಅದನ್ನು ಓದಿದ ಅಡುಗೆಯವರು ತಲೆ ಓರೆ ಮಾಡಿ, “ಸುಮಿಮಸೆನ್, ದಶಿ ವ ಚೊತ್ತೊ…” ಎಂದು ನಿಲ್ಲಿಸಿದರು. ‘ಸುಮಿಮಸೆನ್’ ಎಂದರೆ ಕ್ಷಮಿಸಿ, ‘ಚೊತ್ತೊ’ ಎಂದರೆ ಸ್ವಲ್ಪ. ವಾಕ್ಯ ಮುಗಿಯಲೆಂದು ನಾನು ಕಾಯುತ್ತಾ ನಿಂತೆ. ಅಮ್ಮ ನನ್ನ ಸೆರಗು ಜಗ್ಗಿ, “ಆಗಲ್ಲ ಅಂತಿದ್ದಾರೆ ಕಣೆ, ಬಾ” ಎಂದರು. ನಮ್ಮಲ್ಲಿ ‘ಅದು ಸ್ವಲ್ಪ ಕಷ್ಟ’ ಎಂದರೆ ಆಗುವುದಿಲ್ಲವೆಂದೇ ಅರ್ಥವಲ್ಲವೇ? ಅವರು ಆ ‘ಕಷ್ಟ’ವನ್ನೂ ಬಾಯಿಬಿಟ್ಟು ಹೇಳುವುದಿಲ್ಲ, ಅಷ್ಟೇ.

ಅಲ್ಲಿಂದ ಕೋಯಸಾನ್ ಬೆಟ್ಟಕ್ಕೆ ಹೋದೆವು. ಇದು ಕೂಕಾಯ್ ಎಂಬ ಬೌದ್ಧ ಆಚಾರ್ಯರು ಒಂಬತ್ತನೆಯ ಶತಮಾನದಲ್ಲಿ ಸ್ಥಾಪಿಸಿದ ಕ್ಷೇತ್ರ. ಅಲ್ಲಿನ ದೇವಾಲಯಗಳಲ್ಲೇ ತಂಗಬಹುದು. ಇಬ್ಬರಿಗೆ ಎರಡು ಊಟ ಸೇರಿ ಒಂದು ರಾತ್ರಿಗೆ ನಾವು ಕೊಟ್ಟದ್ದು ಮೂವತ್ತು ಸಾವಿರ ಯೆನ್, ಎಂದರೆ ‘ಸನ್ಮನ್’. ದುಬಾರಿಯೇ ಹೌದು. ಆದರೆ ಅಲ್ಲಿನ ‘ಶೋಜಿನ್ ರ್‍ಯೋರಿ’ ಎಂಬ ದೇವಾಲಯದ ಊಟದಲ್ಲಿ ಮಾಂಸವಿಲ್ಲ, ಮೀನಿಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ, ದಶಿಯನ್ನು ಕಡಲಪಾಚಿ ಮತ್ತು ಅಣಬೆಯಿಂದ ಮಾಡುತ್ತಾರೆ. ಅಮ್ಮ ಒಂದೊಂದು ಬಟ್ಟಲನ್ನೂ ತೋರಿಸಿ ‘ಕೊರೆ ವ ನನ್ ದೆಸ್ ಕ’, ಇದು ಏನು, ಎಂದು ತಾವೇ ಕೇಳಿದರು. ‘ಗೊಮದೋಫು’ ಎಂಬ ಎಳ್ಳಿನ ಮೃದುವಾದ ಖಾದ್ಯವನ್ನು ಎರಡು ಬಾರಿ ತಿಂದರು.

ಊಟದ ನಂತರ ನನ್ನ ಪುಸ್ತಕದಲ್ಲಿದ್ದ ‘ಹಿರಗಾನ’ ಎಂಬ ಜಪಾನಿ ಅಕ್ಷರಮಾಲೆಯನ್ನು ನೋಡುತ್ತಿದ್ದ ಅಮ್ಮ, ಸಾಲುಗಳ ಮೊದಲ ಅಕ್ಷರಗಳನ್ನು ಬೆರಳಿಟ್ಟು ಓದಿದರು: ಅ, ಕ, ಸ, ತ, ನ, ಹ, ಮ, ಯ, ರ, ವ. “ಇದು ನಮ್ಮ ವರ್ಣಮಾಲೆಯ ಕ್ರಮವೇ ಅಲ್ಲವೇನೆ?” ಎಂದರು. ನಿಜ. ಸಂಸ್ಕೃತವನ್ನು ಬರೆಯುತ್ತಿದ್ದ ಸಿದ್ಧಂ ಲಿಪಿಯನ್ನು ಅಭ್ಯಾಸ ಮಾಡಿದ ಬೌದ್ಧ ಭಿಕ್ಷುಗಳಿಂದಲೇ ಆ ಅನುಕ್ರಮ ಜಪಾನಿಗೆ ಬಂದದ್ದು. ‘ಹ’ ಸಾಲಿನ ಉಚ್ಚಾರಣೆ ಹಿಂದೆ ‘ಪ’ ಆಗಿತ್ತು, ‘ಸ’ ನಮ್ಮ ಚವರ್ಗದ ಜಾಗದಲ್ಲಿದೆ. ನಲವತ್ತಾರು ಅಕ್ಷರಗಳನ್ನು ಗುರುತಿಸಲು ನಾನು ಪಟ್ಟ ಪಾಡನ್ನು ಅಮ್ಮ ಮೊದಲೇ ನೋಡಿದ್ದರೆ ಅವರೇ ಪಾಠ ಹೇಳಿಬಿಡುತ್ತಿದ್ದರು.

ಒಂಬತ್ತನೆಯ ದಿನ ನಾರಾ ನೋಡಿಕೊಂಡು, ಕ್ಯೋಟೋಗೆ ಹೋಗುವ ಸಾಧಾರಣ ರೈಲು ಹತ್ತಿ, ಫುಶಿಮಿ ಇನಾರಿ ದೇಗುಲಕ್ಕೆಂದು ಇನಾರಿ ನಿಲ್ದಾಣದಲ್ಲಿ ಇಳಿದೆವು. ರೈಲು ಹೊರಟ ಮೇಲೆ ಅಮ್ಮ ತಮ್ಮ ಕೈಗಳನ್ನು ನೋಡಿಕೊಂಡರು. ನೀಲಿ ಬಟ್ಟೆಯ ಚೀಲ ಇರಲಿಲ್ಲ. ರಕ್ತದೊತ್ತಡದ ಮಾತ್ರೆ, ಸಕ್ಕರೆ ಕಾಯಿಲೆಯ ಮಾತ್ರೆ, ವೈದ್ಯರ ಚೀಟಿ ಎಲ್ಲವೂ ಅದರಲ್ಲೇ ಇದ್ದವು.

ಫೋನಿನ ಅನುವಾದಕವನ್ನು ತೆರೆಯಲು ಬೆರಳು ನಡುಗುತ್ತಿದ್ದವು. ಅದನ್ನು ಬಿಟ್ಟು, ಟಿಕೆಟ್ ದ್ವಾರದ ಪಕ್ಕದಲ್ಲಿದ್ದ ಸಿಬ್ಬಂದಿಯ ಮುಂದೆ ನಿಂತು ಕನ್ನಡದಲ್ಲಿ ಯೋಚಿಸಿದೆ: ರೈಲಿನಲ್ಲಿ ಚೀಲವನ್ನು ಮರೆತೆ. ‘ದೆನ್ಶ’, ರೈಲು. ‘ನಿ’, ನಲ್ಲಿ. ‘ಕಬನ್’, ಚೀಲ. ‘ಒ’, ಅನ್ನು. ‘ವಸುರೆಮಶಿತ’, ಮರೆತೆ. “ಸುಮಿಮಸೆನ್, ದೆನ್ಶ ನಿ ಕಬನ್ ಒ ವಸುರೆಮಶಿತ.” ಈ ವಾಕ್ಯ ನನ್ನ ಯಾವ ಪಟ್ಟಿಯಲ್ಲೂ ಇರಲಿಲ್ಲ. ನಾನೇ ಕಟ್ಟಿದ ಮೊದಲ ವಾಕ್ಯ ಅದು, ಮತ್ತು ಅವರಿಗೆ ಒಂದೇ ಸಲಕ್ಕೆ ಅರ್ಥವಾಯಿತು.

ಅವರು ಒಂದು ನಮೂನೆ ತೆಗೆದು ನಿಧಾನವಾಗಿ ಕೇಳತೊಡಗಿದರು. ‘ನನಿ ಇರೊ’, ಯಾವ ಬಣ್ಣ. ‘ಅಓಯ್’, ನೀಲಿ, ಎಂದೆ. ‘ನನ್ಜಿ’, ಎಷ್ಟು ಗಂಟೆಯ ರೈಲು; ಟಿಕೆಟಿನ ಹಿಂದೆ ಸಮಯ ಬರೆದು ತೋರಿಸಿದೆ. ಆಮೇಲೆ ಕೇಳಿದ್ದು: ‘ನಕ ನಿ ನನಿ ಗ ಹೈತ್ತೆ ಇಮಸ್ ಕ’. ಒಳಗೆ ಏನು ಸೇರಿದೆ? ಮೀನು ಸೇರಿದೆಯೇ ಎಂದು ಊಟದ ಮುಂದೆ ಹತ್ತಾರು ಬಾರಿ ನಾನು ಕೇಳಿದ್ದ ‘ಹೈತ್ತೆ ಇಮಸ್’ ಈಗ ಅವರ ಬಾಯಿಂದ ನನ್ನ ಕಡೆಗೆ ಬಂದಿತ್ತು. ‘ಕುಸುರಿ ಗ ಹೈತ್ತೆ ಇಮಸ್. ಹಹ ನೊ ಕುಸುರಿ ದೆಸ್.’ ಔಷಧಿ ಇದೆ, ಅಮ್ಮನ ಔಷಧಿ. ತಮ್ಮ ತಾಯಿಯ ವಿಷಯ ಹೇಳುವಾಗ ‘ಹಹ’ ಎನ್ನಬೇಕು, ಬೇರೆಯವರ ತಾಯಿಯಾದರೆ ‘ಒಕಾಸನ್’. ಇದು ಆ ಗಳಿಗೆಯಲ್ಲಿ ನೆನಪಾದದ್ದು ದೇವರ ದಯೆ. ಅಮ್ಮನ ಮುಖ ನೋಡಿದ ಅವರು ತಕ್ಷಣ ದೂರವಾಣಿ ಎತ್ತಿಕೊಂಡು, ‘ಶೋಶೋ ಒಮಚಿ ಕುದಸಯ್’, ಸ್ವಲ್ಪ ಕಾಯಿರಿ, ಎಂದರು.

ನಲವತ್ತು ನಿಮಿಷ ಕಾದೆವು. ದೇಗುಲದ ಕೆಂಪು ತೋರಣದ್ವಾರ ಎದುರಿಗೇ ಕಾಣುತ್ತಿತ್ತು, ಇಬ್ಬರಿಗೂ ಅತ್ತ ನೋಡುವ ಮನಸ್ಸಿರಲಿಲ್ಲ. ಹೀಗಾದರೆ ಕಾಯುವಾಗ ಮಾಡಬೇಕಾದ ಎರಡು ಕೆಲಸಗಳನ್ನು ಹೇಳಿಬಿಡುತ್ತೇನೆ: ಕಳೆದುಹೋದ ವಸ್ತುವಿಗೆ ಅಲ್ಲಿ ‘ವಸುರೆಮೊನೊ’ ಎನ್ನುತ್ತಾರೆ, ಮರೆತ ವಸ್ತು ಎಂದೇ ಅರ್ಥ, ಆ ಪದವನ್ನು ನೆನಪಿಡಿ, ಚೀಲದ ಹಳೆಯ ಫೋಟೋ ಇದ್ದರೆ ಹುಡುಕಿಡಿ. ನನ್ನ ಫೋನಿನಲ್ಲಿ ನಾರಾದ ಜಿಂಕೆಗಳ ನಡುವೆ ಅಮ್ಮ ಅದೇ ಚೀಲ ಹಿಡಿದು ನಿಂತ ಚಿತ್ರವಿತ್ತು. ಅದನ್ನು ತೋರಿಸುವಷ್ಟರಲ್ಲಿ ಸಿಬ್ಬಂದಿ ದೂರವಾಣಿ ಕೆಳಗಿಟ್ಟು, “ಅರಿಮಶಿತ!” ಎಂದರು. ಅಕ್ಷರಶಃ ‘ಇತ್ತು’. ನಾವು ಸಿಕ್ಕಿತು ಎನ್ನುವ ಕಡೆ ಅವರು ಇತ್ತು ಎನ್ನುತ್ತಾರೆ. ಅಮ್ಮನಿಗೆ ನಾನು ಅನುವಾದ ಮಾಡಿ ಹೇಳಬೇಕಾಗಲಿಲ್ಲ.

ರೈಲಿನ ಕೊನೆಯ ನಿಲ್ದಾಣವಾದ ಕ್ಯೋಟೋದಲ್ಲಿ ಚೀಲವನ್ನು ತೆಗೆದಿರಿಸಿದ್ದರು. ಕಳೆದ ವಸ್ತುಗಳ ಕಚೇರಿಯಲ್ಲಿ ಪಾಸ್‌ಪೋರ್ಟ್ ತೋರಿಸಿ, ಒಂದು ಕಡೆ ಸಹಿ ಹಾಕಿದೆ. ಹಣವೇನೂ ಕೇಳಲಿಲ್ಲ. ಚೀಲದ ಕಿವಿಗೆ ಸಂಖ್ಯೆ ಬರೆದ ಚಿಕ್ಕ ಚೀಟಿಯೊಂದನ್ನು ದಾರದಿಂದ ಕಟ್ಟಿದ್ದರು. ಗಲ್ಲೆಯ ಆಚೆಗಿದ್ದ ಮಹಿಳೆ ಅದನ್ನು ಬಿಚ್ಚಿ, ಚೀಲವನ್ನು ಎರಡೂ ಕೈಗಳಿಂದ ಅಮ್ಮನತ್ತ ನೀಡಿದರು. ಆಗಿಹೋದ ಉಪಕಾರಕ್ಕೆ ಕೃತಜ್ಞತೆ ಹೇಳುವಾಗ ‘ಗೊಝೈಮಸ್’ ಅಲ್ಲ, ಭೂತಕಾಲದ ‘ಗೊಝೈಮಶಿತ’ ಎನ್ನಬೇಕೆಂದು ಮೈಸೂರಿನ ಅಡುಗೆಮನೆಯಲ್ಲಿ ತಂಗಿಯ ಮಗಳು ನನಗೆ ಹೇಳಿಕೊಡುತ್ತಿದ್ದಾಗ ಅಮ್ಮ ಅಲ್ಲೇ ಕುಳಿತು ಹುರುಳಿಕಾಯಿ ಬಿಡಿಸುತ್ತಿದ್ದರು. ಚೀಲವನ್ನು ಎದೆಗವಚಿಕೊಂಡು, ಬೆನ್ನು ಬಾಗಿಸಿ, “ಅರಿಗತೋ ಗೊಝೈಮಶಿತ” ಎಂದು ತಪ್ಪಿಲ್ಲದೆ ಹೇಳಿದರು.